ಕೊಲ್ಲುವ ಮುನ್ನ ರೆಕ್ಕೆಗಳನ್ನು ಎಣಿಸಿ

ವಸಂತಪುರದ ನಮ್ಮ ಬೀದಿಯ ಪುಟ್ಟ ಉದ್ಯಾನಕ್ಕೆ ಕಳೆದ ವಾರ ಕೀಟನಾಶಕ ಹೊಡೆಸಲಾಯಿತು. "ಕಣಜಗಳು ಬಂದಿವೆ, ಮಕ್ಕಳಿಗೆ ಕಚ್ಚಿದರೆ ಯಾರು ಹೊಣೆ?" ಎಂಬುದು ನೆರೆಹೊರೆಯವರ ವಾದ. ಬೇಡವೆಂದೆ, ಮೇಷ್ಟರಿಗೆ ವಯಸ್ಸಾಯಿತೆಂದು ನಕ್ಕರು. ಸಂಜೆ ಸೇವಂತಿಗೆಯ ಬುಡದಲ್ಲಿ ಸತ್ತು ಬಿದ್ದಿದ್ದ ಹನ್ನೊಂದನ್ನು ಆಯ್ದು ಭೂತಗನ್ನಡಿಯಲ್ಲಿ ನೋಡಿದೆ. ಒಂದೂ ಕಣಜವಲ್ಲ. ಎಲ್ಲವೂ ಹೋವರ್‌ಫ್ಲೈ, ನಾನು ಹೂನೊಣ ಎನ್ನುತ್ತೇನೆ.

ಸಿರ್ಫಿಡೇ ಕುಟುಂಬದ ಈ ನೊಣಗಳಲ್ಲಿ ಜಗತ್ತಿನಾದ್ಯಂತ ಸುಮಾರು 6,000 ಪ್ರಭೇದಗಳಿವೆ. ಹಲವು ಹಳದಿ-ಕಪ್ಪು ಪಟ್ಟೆ ತೊಟ್ಟು ಕಣಜದ ವೇಷ ಹಾಕುತ್ತವೆ. ಕುಟುಕಲು ಕೊಂಡಿಯೇ ಇಲ್ಲ. ಕಣಜಕ್ಕೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಮೀಸೆಯೂ ಮೊಟಕು. ಹಕ್ಕಿಗಳಿಂದ ಕಾಪಾಡುವ ವೇಷವೇ ಅಕ್ಷರಸ್ಥರ ಕೈಯಲ್ಲಿ ಇವಕ್ಕೆ ಮೃತ್ಯುವಾಯಿತು.

ನಷ್ಟ ಯಾರದು? ಇವುಗಳಲ್ಲಿ ಅನೇಕ ಪ್ರಭೇದಗಳ ಮರಿಹುಳುಗಳು ಅವರೆ, ಅಲಸಂದೆ ಬಳ್ಳಿಗಳ ಹೇನನ್ನು ತಿಂದು ಬದುಕುತ್ತವೆ. 2002ರಲ್ಲಿ ಮಹಾರಾಷ್ಟ್ರ, ಕರ್ನಾಟಕಗಳ ಕಬ್ಬಿಗೆ ಬಿಳಿ ಉಣ್ಣೆಹೇನು ಮುತ್ತಿದಾಗ ಅದನ್ನು ತಿಂದ ಕೀಟಗಳಲ್ಲಿ ಹೂನೊಣದ ಮರಿಯೂ ಇತ್ತು. ವಿಷ ಹೊಡೆದರೆ ಹೇನು ಬೇಗ ಚೇತರಿಸಿಕೊಳ್ಳುತ್ತದೆ. ಹೇನನ್ನು ತಿನ್ನುವವನು ಅಷ್ಟು ಬೇಗ ಮರಳುವುದಿಲ್ಲ.

"ಡೆಂಗಿ ಬಂದರೆ?" ಎನ್ನುವಿರಿ. ನ್ಯಾಯವಾದ ಪ್ರಶ್ನೆ. ಆದರೆ ಆ ಸೊಳ್ಳೆಯ ಮರಿ ಬೆಳೆಯುವುದು ಹೂವಿನ ಮೇಲಲ್ಲ. ನಮ್ಮದೇ ಡ್ರಮ್ಮು, ಹೂಕುಂಡದ ತಟ್ಟೆಗಳಲ್ಲಿ ನಿಂತ ನೀರಿನಲ್ಲಿ. ಅದನ್ನು ಚೆಲ್ಲಲು ಸೋಮಾರಿತನ, ಹೂವಿಗೆ ವಿಷ ಹೊಡೆಯಲು ಉತ್ಸಾಹ!

ಈಗ ನನ್ನದೇ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು: ಸಂತಾನೋತ್ಪತ್ತಿಯ ಪಾಠ ಬಂದಾಗಲೆಲ್ಲ "ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ತಿರುಗಿಸುತ್ತಿದ್ದೆ. ಹಿಂದಿನ ಬೆಂಚು ನಗುತ್ತಿತ್ತು, ನಾನು ಗದರುತ್ತಿದ್ದೆ. ಆ ಪಾಠವನ್ನು ಶಾಲೆಯ ತೋಟದಲ್ಲೇ ಕಲಿಸಬಹುದಿತ್ತು. ಗಂಡು ಹೂನೊಣ ಬಿಸಿಲುಕೋಲಿನಲ್ಲಿ ದಾರ ಕಟ್ಟಿ ತೂಗಿಬಿಟ್ಟಂತೆ ಒಂದೇ ಕಡೆ ನಿಲ್ಲುತ್ತದೆ. ಹಾದುಹೋಗುವುದನ್ನೆಲ್ಲ ಹೆಣ್ಣೆಂದು ಅಟ್ಟಿಸಿಕೊಂಡು ಹೋಗಿ, ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಸಣ್ಣ ಕಲ್ಲೆಸೆದರೂ ಬೆನ್ನಟ್ಟೀತು. ಹೆಚ್ಚಿನ ಪ್ರಭೇದಗಳಲ್ಲಿ ಗಂಡಿನ ಕಣ್ಣುಗಳೆರಡೂ ನೆತ್ತಿಯಲ್ಲಿ ಕೂಡಿರುತ್ತವೆ. ಹೆಣ್ಣಿನ ಕಣ್ಣುಗಳ ನಡುವೆ ಅಂತರವಿರುತ್ತದೆ. ಇದರಲ್ಲಿ ನಾಚುವಂಥದ್ದೇನಿತ್ತು? ನೋಡಲು ಕಲಿಸದ ಮೇಷ್ಟರ ತರಗತಿಯಿಂದಲೇ ಪಟ್ಟೆ ಕಂಡೊಡನೆ ವಿಷ ತರಿಸುವ ನಾಗರಿಕರು ಬರುತ್ತಾರೆ. ಮೊನ್ನೆ ನಕ್ಕವರಲ್ಲಿ ಒಬ್ಬಾತ ನನ್ನ ಹಳೆಯ ವಿದ್ಯಾರ್ಥಿ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಭೂತಗನ್ನಡಿಯೊಡನೆ ಅದೇ ಉದ್ಯಾನದಲ್ಲಿ ಇರುತ್ತೇನೆ. ಆತನನ್ನೂ ಕರೆದಿದ್ದೇನೆ. ನೀವೂ ಮಕ್ಕಳನ್ನು ಕರೆತನ್ನಿ. ಬಿಟ್ಟುಹೋದ ಪಾಠವನ್ನು ಮುಗಿಸೋಣ; ನೋಡಲು ಒಂದಾದರೂ ಹೂನೊಣ ಉಳಿದಿದ್ದರೆ.