ಠಾಣೆಯೊಳಗಿನ ಕ್ಯಾಮೆರಾಕ್ಕೆ ಯಾರು ಹೊಣೆ?

2013ರ ನವೆಂಬರ್ 19ರ ಮುಂಜಾನೆ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಬಳಿಯ ಎಟಿಎಂ ಕೊಠಡಿಗೆ ನುಗ್ಗಿದ ವ್ಯಕ್ತಿಯೊಬ್ಬ ಮಹಿಳೆಯ ಮೇಲೆ ಮಚ್ಚಿನಿಂದ ಹಲ್ಲೆ ನಡೆಸಿದ. ಅಲ್ಲಿದ್ದ ಕ್ಯಾಮೆರಾ ಆ ಕ್ರೌರ್ಯವನ್ನೂ ಆತನ ಚಹರೆಯನ್ನೂ ದಾಖಲಿಸಿತ್ತು. ದೇಶವೇ ಅದನ್ನು ಕಂಡು ತಲ್ಲಣಿಸಿತು. ಆದರೂ ಆರೋಪಿ ಆಂಧ್ರಪ್ರದೇಶದ ಮದನಪಲ್ಲಿಯಲ್ಲಿ ಸಿಕ್ಕಿಬಿದ್ದದ್ದು 2017ರ ಫೆಬ್ರುವರಿಯಲ್ಲಿ. ಕ್ಯಾಮೆರಾ ಸಾಕ್ಷಿಯಾಗಬಲ್ಲದೇ ಹೊರತು ಕಾವಲುಗಾರನಾಗಲಾರದು.

ಹಾಗೆಂದು ಅದು ನಿಷ್ಪ್ರಯೋಜಕವೇನಲ್ಲ. 2024ರ ಮಾರ್ಚ್ 1ರಂದು ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸ್ಫೋಟಿಸಿದಾಗ ಶಂಕಿತನ ಜಾಡು ಹಿಡಿಯಲು ನೆರವಾದದ್ದು ಇಂತಹ ದೃಶ್ಯಗಳೇ. ಒಂದೂವರೆ ತಿಂಗಳೊಳಗೆ ಬಂಧನವೂ ಆಯಿತು. ನಿರ್ಭಯಾ ನಿಧಿಯ ನೆರವಿನಿಂದ ರಾಜಧಾನಿಯಲ್ಲಿ ಸಾವಿರಾರು ಕ್ಯಾಮೆರಾಗಳನ್ನು ಅಳವಡಿಸಿದ್ದನ್ನು ಆಕ್ಷೇಪಿಸುವವರು ವಿರಳ. ಜನನಿಬಿಡ ಖಾಸಗಿ ಸಂಸ್ಥೆಗಳು ಕ್ಯಾಮೆರಾ ಅಳವಡಿಸಿ, 30 ದಿನಗಳ ದೃಶ್ಯಾವಳಿ ಕಾಯ್ದಿಡಬೇಕೆಂದು 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ವಿಧಿಸಿದೆ. ಅಂಗಡಿ ಮಾಲೀಕರು ಗೊಣಗುತ್ತಲಾದರೂ ಇದಕ್ಕೆ ಒಗ್ಗಿಕೊಂಡಿದ್ದಾರೆ.

ನಾಗರಿಕರಿಂದ ಇಷ್ಟನ್ನು ಅಪೇಕ್ಷಿಸುವ ಪೊಲೀಸ್ ವ್ಯವಸ್ಥೆ ತನ್ನ ಮನೆಯೊಳಗೆ ಅದೇ ನಿಯಮವನ್ನು ಪಾಲಿಸುತ್ತಿದೆಯೇ ಎಂಬುದು ಪ್ರಶ್ನೆ. ಪ್ರತಿ ಠಾಣೆಯ ಪ್ರವೇಶದ್ವಾರ, ಲಾಕಪ್, ಪಡಸಾಲೆಗಳಲ್ಲಿ ಧ್ವನಿಯನ್ನೂ ದಾಖಲಿಸುವ, ಕತ್ತಲಲ್ಲೂ ಕಾಣಬಲ್ಲ ಕ್ಯಾಮೆರಾಗಳಿರಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿತು. ದೃಶ್ಯಾವಳಿಯನ್ನು 18 ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಕಾಯ್ದಿಡಬೇಕು; ಉಪಕರಣ ಸುಸ್ಥಿತಿಯಲ್ಲಿಡುವ ಹೊಣೆ ಠಾಣಾಧಿಕಾರಿಯದು ಎಂದೂ ಹೇಳಿತು. ಐದು ವರ್ಷ ಉರುಳುವ ಹೊತ್ತಿಗೆ, 2025ರ ಸೆಪ್ಟೆಂಬರ್‌ನಲ್ಲಿ, ಠಾಣೆಗಳಲ್ಲಿ ಕಾರ್ಯನಿರ್ವಹಿಸುವ ಕ್ಯಾಮೆರಾಗಳೇ ಇಲ್ಲವೆಂಬ ವಿಷಯವನ್ನು ಅದೇ ನ್ಯಾಯಾಲಯ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಳ್ಳಬೇಕಾಗಿ ಬಂತು. ಪೊಲೀಸ್ ವಶದಲ್ಲಿನ ಸಾವುಗಳ ಕುರಿತ ಪತ್ರಿಕಾ ವರದಿಯೇ ಇದಕ್ಕೆ ಕಾರಣ.

ಲಾಕಪ್ಪಿನಲ್ಲಿರುವವನಿಗೆ ಬೇರೆ ಸಾಕ್ಷಿಯಿಲ್ಲ. ಅಂತಹ ಕಡೆ 'ಅಂದು ಕ್ಯಾಮೆರಾ ಕೆಟ್ಟಿತ್ತು' ಎಂಬ ಉತ್ತರವನ್ನು ಒಪ್ಪಲಾಗದು. ಪ್ರಾಮಾಣಿಕ ಸಿಬ್ಬಂದಿಯನ್ನು ಸುಳ್ಳು ದೂರುಗಳಿಂದ ಕಾಪಾಡುವುದೂ ಇದೇ ದೃಶ್ಯಾವಳಿ ಎಂಬುದನ್ನು ಇಲಾಖೆ ಮರೆತಂತಿದೆ. ಮುಂದಾದರೂ ಜಿಲ್ಲಾ ಮಟ್ಟದ ಮೇಲ್ವಿಚಾರಣಾ ಸಮಿತಿಗಳು ಯಾವ ಠಾಣೆಯ ಕ್ಯಾಮೆರಾ ಎಷ್ಟು ದಿನ ಸ್ಥಗಿತಗೊಂಡಿತ್ತೆಂಬ ವಿವರವನ್ನು ಪ್ರತಿ ತಿಂಗಳು ಬಹಿರಂಗಪಡಿಸಲಿ. ಬಂಧಿತನೊಬ್ಬ ಗಾಯಗೊಂಡ ದಿನದ ದೃಶ್ಯಾವಳಿ ಲಭ್ಯವಿಲ್ಲದಿದ್ದರೆ, ಸಂಬಂಧಪಟ್ಟ ಠಾಣಾಧಿಕಾರಿಯ ವಿರುದ್ಧ ಇಲಾಖಾ ವಿಚಾರಣೆ ತಾನಾಗಿಯೇ ಆರಂಭವಾಗುವಂತೆ ಸರ್ಕಾರ ನಿಯಮ ರೂಪಿಸಬೇಕು.