ಹೆಸರು ಬದಲಾವಣೆ: ಗ್ರಾಹಕನ ಪಾಲೆಷ್ಟು?

ವ್ಯಾಪಾರ ಸಂಸ್ಥೆಯ ಹೆಸರು ಅದರ ಮಾಲೀಕನ ಸ್ವತ್ತೆಂದು ಕಾನೂನು ಹೇಳುತ್ತದೆ. ಆದರೆ ಆ ಹೆಸರಿಗೆ ಬೆಲೆ ಬರುವುದು ಗ್ರಾಹಕನ ಬಾಯಲ್ಲಿ. ಈ ಎರಡು ಸತ್ಯಗಳ ನಡುವಿನ ಅಂತರವನ್ನು ಅರಿಯಲು ಕರ್ನಾಟಕದ ಜನತೆಗೆ ಚಿರಪರಿಚಿತವಾದ ಕ್ರಿಕೆಟ್ ತಂಡವೊಂದರ ಉದಾಹರಣೆಯೇ ಸಾಕು. 2024ರ ಮಾರ್ಚ್ 19ರಂದು ಎಂ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕಿಕ್ಕಿರಿದ ಅಭಿಮಾನಿಗಳ ಸಮ್ಮುಖದಲ್ಲಿ ‘ರಾಯಲ್ ಚಾಲೆಂಜರ್ಸ್ ಬ್ಯಾಂಗಲೋರ್’ ತಂಡವು ‘ರಾಯಲ್ ಚಾಲೆಂಜರ್ಸ್ ಬೆಂಗಳೂರು’ ಎಂದಾಯಿತು. ಇದು ತಂಡದ ಹೊಸ ಅಧ್ಯಾಯವೆಂದು ವಿರಾಟ್ ಕೊಹ್ಲಿಯವರು ಕನ್ನಡದಲ್ಲೇ ನುಡಿದಾಗ ಎದ್ದ ಹರ್ಷೋದ್ಗಾರವನ್ನು ಯಾವ ಜಾಹೀರಾತು ವೆಚ್ಚದಿಂದಲೂ ಕೊಳ್ಳಲು ಸಾಧ್ಯವಿರಲಿಲ್ಲ.

ಈ ಹರ್ಷಕ್ಕೆ ಕಾರಣವೇನು? 2008ರಲ್ಲಿ ತಂಡ ಆರಂಭವಾದಾಗ ಅದರ ಹೆಸರಿನ ಮೊದಲ ಎರಡು ಪದಗಳು ಅಂದಿನ ಮಾಲೀಕ ಸಮೂಹದ ಮದ್ಯದ ಬ್ರ್ಯಾಂಡನ್ನು ಆಧರಿಸಿದ್ದವು. ಮೂರನೆಯ ಪದ ಮಾತ್ರ ಊರಿನದು. ಅಭಿಮಾನಿಗಳು ಮಾಲೀಕನ ಎರಡು ಪದಗಳ ಬಗ್ಗೆ ತಕರಾರು ತೆಗೆದವರಲ್ಲ. ತಮ್ಮ ಊರಿನ ಪದವನ್ನು ಮಾತ್ರ ತಾವು ಉಚ್ಚರಿಸುವಂತೆಯೇ ಬರೆಯಬೇಕೆಂದು ಕೇಳಿದರು. ಘೋಷಣೆಗೆ ಮುನ್ನ ಬಿಡುಗಡೆಯಾದ ಪ್ರಚಾರ ಚಿತ್ರದಲ್ಲಿ ನಟ ರಿಷಬ್ ಶೆಟ್ಟಿಯವರು ಕಂಬಳದ ಮೂರು ಕೋಣಗಳ ಪೈಕಿ ‘ಬ್ಯಾಂಗಲೋರ್’ ಎಂಬ ಹೆಸರು ಹೊತ್ತ ಕೋಣವೊಂದನ್ನೇ ಬೇಡವೆಂದದ್ದು ಇದೇ ಮರ್ಮವನ್ನು ತಿಳಿದು.

ರಾಜ್ಯದ ರಾಜಧಾನಿಯ ಹೆಸರು ಅಧಿಕೃತವಾಗಿ ‘ಬೆಂಗಳೂರು’ ಎಂದಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಮೊದಲೇ, 2013ರಲ್ಲಿ ಹುಟ್ಟಿದ ಬೆಂಗಳೂರು ಫುಟ್‌ಬಾಲ್ ಕ್ಲಬ್ ಮತ್ತು 2014ರಲ್ಲಿ ಕಣಕ್ಕಿಳಿದ ಬೆಂಗಳೂರು ಬುಲ್ಸ್ ಕಬಡ್ಡಿ ತಂಡ ಈ ರೂಪವನ್ನೇ ಆರಿಸಿಕೊಂಡಿದ್ದವು. ಕ್ರಿಕೆಟ್ ತಂಡ ಹತ್ತು ವರ್ಷ ತಡವಾಗಿ ಎಚ್ಚೆತ್ತಿತು. ಆದರೂ ನಷ್ಟವಾಗಲಿಲ್ಲ. ಜನರ ನಾಲಿಗೆಯ ಮೇಲಿದ್ದ ‘ಆರ್‌ಸಿಬಿ’ ಎಂಬ ಮೂರಕ್ಷರಕ್ಕೆ ಈ ಬದಲಾವಣೆಯಿಂದ ಯಾವ ಧಕ್ಕೆಯೂ ತಗಲಲಿಲ್ಲವೆಂಬುದು ಅದಕ್ಕೆ ಮುಖ್ಯ ಕಾರಣ. ಅಂದು ಪೋಷಾಕಿನಲ್ಲಿ ಕೆಂಪಿನ ಜೊತೆ ಕಪ್ಪಿನ ಬದಲು ನೀಲಿ ಬಂದದ್ದನ್ನು ಎಲ್ಲರೂ ಮೆಚ್ಚಲಿಲ್ಲ. ಹೆಸರನ್ನು ಗ್ರಾಹಕ ಕೇಳಿದ್ದ, ಬಣ್ಣವನ್ನು ಕೇಳಿರಲಿಲ್ಲ. ಸ್ವಾಗತದಲ್ಲಿ ಕಂಡ ವ್ಯತ್ಯಾಸ ಇಷ್ಟೇ.

ಇನ್ನೊಂದು ಭ್ರಮೆಯನ್ನೂ ಇಲ್ಲಿ ನಿವಾರಿಸಿಕೊಳ್ಳುವುದು ಅಗತ್ಯ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್‌ಗಳಿಂದ ಮಣಿಸಿ ಪುರುಷರ ತಂಡ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಾಗ, ಹೆಸರು ಬದಲಾದದ್ದೇ ಅದೃಷ್ಟವೆಂದು ನಂಬಿದವರು ಅನೇಕರು. ದಿನಾಂಕಗಳು ಬೇರೆಯದನ್ನೇ ಹೇಳುತ್ತವೆ. ಇದೇ ಫ್ರಾಂಚೈಸಿಯ ಮಹಿಳಾ ತಂಡ ಪ್ರಶಸ್ತಿ ಎತ್ತಿ ಹಿಡಿದದ್ದು 2024ರ ಮಾರ್ಚ್ 17ರಂದು, ಅಂದರೆ ಹೆಸರು ಬದಲಾಗುವ ಎರಡು ದಿನ ಮುಂಚೆ, ಹಳೆಯ ಹೆಸರಿನಲ್ಲಿಯೇ. ಹೊಸ ಹೆಸರು ಹೊತ್ತ ಪುರುಷರ ತಂಡವಾದರೋ ಆ ವರ್ಷ ಎಲಿಮಿನೇಟರ್ ಪಂದ್ಯದಲ್ಲೇ ನಿರ್ಗಮಿಸಿತು. ದೆಹಲಿ ಡೇರ್‌ಡೆವಿಲ್ಸ್ 2018ರಲ್ಲಿ ‘ದೆಹಲಿ ಕ್ಯಾಪಿಟಲ್ಸ್’ ಎಂದೂ, ಕಿಂಗ್ಸ್ ಇಲೆವೆನ್ ಪಂಜಾಬ್ 2021ರಲ್ಲಿ ‘ಪಂಜಾಬ್ ಕಿಂಗ್ಸ್’ ಎಂದೂ ಮರುನಾಮಕರಣಗೊಂಡವು. 2025ರ ಆವೃತ್ತಿಯವರೆಗೆ ಎರಡಕ್ಕೂ ಪ್ರಶಸ್ತಿ ದಕ್ಕಲಿಲ್ಲ. ಸರಕು ಉತ್ತಮವಾಗದೆ ಚೀಟಿ ಬದಲಾದರೆ ಮಾರಾಟ ಹೆಚ್ಚದು.

ಹೆಸರು ಬದಲಿಸುವುದೆಂದರೆ ಒಂದು ವಾಗ್ದಾನ ಮಾಡಿದಂತೆ. ‘ಬೆಂಗಳೂರು’ ಎಂದು ಕರೆದುಕೊಂಡ ಅದೇ ವರ್ಷದ ನವೆಂಬರ್‌ನಲ್ಲಿ ತಂಡವು ಹಿಂದಿ ಭಾಷೆಯಲ್ಲಿ ಪ್ರತ್ಯೇಕ ಪ್ರಚಾರ ಖಾತೆ ತೆರೆದಾಗ ಕನ್ನಡಿಗರಿಂದ ಆಕ್ಷೇಪಣೆಗಳು ಬಂದವು. ಕನ್ನಡದ ಹೆಸರಿನಿಂದ ಲಾಭ ಪಡೆದವರು ಕನ್ನಡದ ನಿರೀಕ್ಷೆಗೂ ಉತ್ತರಿಸಬೇಕಾಗುತ್ತದೆ. ಇನ್ನೂ ಗಂಭೀರವಾದ ಪಾಠವೊಂದಿದೆ. 2025ರ ಜೂನ್ 4ರಂದು ವಿಜಯೋತ್ಸವದ ವೇಳೆ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಸಂಭವಿಸಿದ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಜನರ ಅಭಿಮಾನ ಆಸ್ತಿಯ ಕಡೆ ಮಾತ್ರ ಬರೆಯುವ ಬಾಬ್ತಲ್ಲ. ಅದಕ್ಕೆ ಸರಿಸಮನಾದ ಹೊಣೆಯೂ ಇದೆ ಎಂಬುದನ್ನು ಆ ದುರಂತ ಕಠೋರವಾಗಿ ತಿಳಿಸಿತು.

ಈಗ ಕೋಲಾರ ಜಿಲ್ಲೆಯ ಪೇಟೆಗೆ ಬರೋಣ. ಹುತ್ತೂರು ಹೋಬಳಿಯ ಕಿರಾಣಿ ಅಂಗಡಿಯಾಗಲಿ, ಮಾಲೂರಿನ ಹೆಂಚಿನ ಕಾರ್ಖಾನೆಯಾಗಲಿ, ಶ್ರೀನಿವಾಸಪುರದ ಮಾವಿನ ಮಂಡಿಯಾಗಲಿ, ಮುಳಬಾಗಿಲಿನ ಹೋಟೆಲಾಗಲಿ, ಎರಡನೆಯ ತಲೆಮಾರಿನ ಕೈಗೆ ಬಂದೊಡನೆ ಮೊದಲು ಬದಲಾಗುವುದು ನಾಮಫಲಕ. ತಂದೆಯ ಕಾಲದಿಂದ ಊರವರು ‘ಶೆಟ್ಟರ ಅಂಗಡಿ’ ಎಂದು ಕರೆದದ್ದು ‘ಸೂಪರ್ ಮಾರ್ಟ್’ ಆಗುತ್ತದೆ. ಗಮನಿಸಬೇಕಾದ ಭೇದ ಇಲ್ಲಿದೆ. ಕ್ರಿಕೆಟ್ ತಂಡ ಫಲಕದ ಹೆಸರನ್ನು ಬಿಟ್ಟು ಜನರ ಬಾಯಿಯ ಹೆಸರಿಗೆ ಬಂದಿತು. ಇಲ್ಲಿ ಬಾಯಿಯ ಹೆಸರನ್ನು ಬಿಟ್ಟು ಫಲಕದ ಹೆಸರಿಗೆ ಹೋಗಲಾಗುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ 1913ರಲ್ಲಿ ಸ್ಥಾಪಿತವಾದ ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದರೂ ಬೆಂಗಳೂರಿನ ಜನ ಇಂದಿಗೂ ‘ಮೈಸೂರು ಬ್ಯಾಂಕ್ ಸರ್ಕಲ್’ ಎನ್ನುವುದನ್ನು ಬಿಟ್ಟಿಲ್ಲ. ಅಷ್ಟು ಆಳಕ್ಕಿಳಿದ ಹೆಸರನ್ನು ಸಣ್ಣ ವರ್ತಕ ತಾನಾಗಿಯೇ ಏಕೆ ಅಳಿಸಬೇಕು?

ಲೆಕ್ಕಪತ್ರದ ದೃಷ್ಟಿಯಿಂದಲೂ ಈ ಪ್ರಶ್ನೆ ಪರಿಶೀಲನಾರ್ಹ. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಸ್ಥೆ ತಾನೇ ಬೆಳೆಸಿಕೊಂಡ ಸುನಾಮವನ್ನಾಗಲಿ ಬ್ರ್ಯಾಂಡನ್ನಾಗಲಿ ಆಸ್ತಿಯೆಂದು ಜಮಾ-ಖರ್ಚಿನ ತಃಖ್ತೆಯಲ್ಲಿ ತೋರಿಸುವಂತಿಲ್ಲ. ಪುಸ್ತಕದಲ್ಲಿ ಕಾಣದ್ದರಿಂದಲೇ ಅದನ್ನು ಕಳೆದುಕೊಂಡಾಗ ನಷ್ಟವೂ ಕಾಣುವುದಿಲ್ಲ. ಕಾಣುವುದು ಫಲಕ, ಬಿಲ್ ಪುಸ್ತಕ, ಮುದ್ರಿತ ಚೀಲಗಳ ವೆಚ್ಚ ಮಾತ್ರ. ಕಂಪನಿಯಾದರೆ ವಿಶೇಷ ಠರಾವು ಮತ್ತು ಸರ್ಕಾರದ ಅನುಮೋದನೆ ಬೇಕು. ಬದಲಾವಣೆಯ ನಂತರ ಎರಡು ವರ್ಷ ಹಳೆಯ ಹೆಸರನ್ನೂ ಜೊತೆಗೆ ಪ್ರದರ್ಶಿಸಬೇಕು. ಜಿಎಸ್‌ಟಿ ನೋಂದಣಿಯಲ್ಲಿ 15 ದಿನಗಳೊಳಗೆ ತಿದ್ದುಪಡಿ ಕೋರಬೇಕು. ನೋಂದಾಯಿತ ವ್ಯಾಪಾರ ಚಿಹ್ನೆಯನ್ನು ಐದು ವರ್ಷಕ್ಕೂ ಮಿಕ್ಕಿ ಬಳಸದೆ ಬಿಟ್ಟರೆ ಅದನ್ನು ನೋಂದಣಿಯಿಂದ ತೆಗೆಸಲು ಅನ್ಯರು ಅರ್ಜಿ ಹಾಕಬಹುದು. ಅಂದರೆ ತೊರೆದ ಹೆಸರು ಪ್ರತಿಸ್ಪರ್ಧಿಯ ಪಾಲಾಗುವ ಅಪಾಯವೂ ಉಂಟು.

ಹಾಗೆಂದು ಹೆಸರನ್ನು ಎಂದಿಗೂ ಬದಲಿಸಬಾರದೆಂದಲ್ಲ. ಪಾಲುದಾರರು ಬೇರೆಯಾದಾಗ, ವ್ಯವಹಾರದ ಸ್ವರೂಪವೇ ಮಾರ್ಪಟ್ಟಾಗ, ಮಾಲೀಕತ್ವ ಹಸ್ತಾಂತರವಾದಾಗ ಅದು ಅನಿವಾರ್ಯ. ನರಸಾಪುರ ಕೈಗಾರಿಕಾ ಪ್ರದೇಶದ ವಿಸ್ಟ್ರಾನ್ ಘಟಕವನ್ನು 2023ರಲ್ಲಿ ಟಾಟಾ ಸಮೂಹ ಕೊಂಡ ಮೇಲೆ ಹೆಸರು ಬದಲಾದದ್ದು ಸಹಜ. ಅಲ್ಲಿನ ಗ್ರಾಹಕ ಇನ್ನೊಂದು ಬೃಹತ್ ಕಂಪನಿ, ಬೀದಿಯಲ್ಲಿ ನಡೆದು ಬರುವ ಕೊಳ್ಳುಗನಲ್ಲ. ಬಿಡಿ ಮಾರಾಟವನ್ನೇ ನಂಬಿದವರ ಸ್ಥಿತಿ ಹಾಗಲ್ಲ.

ಆದುದರಿಂದ ಹೆಸರು ಬದಲಿಸಬಯಸುವ ವರ್ತಕರು ಮೂರು ಸಂಗತಿಗಳನ್ನು ಪರಾಮರ್ಶಿಸುವುದು ಲೇಸು. ಮೊದಲನೆಯದಾಗಿ, ಖಾಯಂ ಗ್ರಾಹಕರು ಅಂಗಡಿಯನ್ನು ಯಾವ ಹೆಸರಿನಿಂದ ಕರೆಯುತ್ತಾರೆಂದು ತಿಂಗಳ ಕಾಲ ಕಿವಿಗೊಟ್ಟು ಕೇಳಬೇಕು. ಎರಡನೆಯದಾಗಿ, ಜನರು ಆಡುವ ಆ ಪದವನ್ನು ಹೊಸ ಹೆಸರಿನೊಳಗೆ ಉಳಿಸಿಕೊಳ್ಳಬೇಕು. ಮೂರನೆಯದಾಗಿ, ತೂಕ, ಗುಣಮಟ್ಟ, ಸಾಲದ ಶಿಸ್ತುಗಳಲ್ಲಿ ಸುಧಾರಣೆಯಿಲ್ಲದೆ ಕೇವಲ ಫಲಕಕ್ಕೆ ಹಣ ಹಾಕಬಾರದು. ಹದಿನೇಳು ವರ್ಷ ಒಂದೇ ಒಂದು ಪ್ರಶಸ್ತಿಯನ್ನೂ ಕಾಣದ ಪುರುಷರ ತಂಡವನ್ನು ಅಭಿಮಾನಿಗಳು ಕೈಬಿಡಲಿಲ್ಲ. ಅಂತಹ ತಾಳ್ಮೆ ಅಂಗಡಿಯ ಗ್ರಾಹಕನಿಗಿರುವುದಿಲ್ಲ. ಎದುರು ಸಾಲಿನಲ್ಲೇ ಮತ್ತೊಂದು ಅಂಗಡಿ ತೆರೆದಿರುತ್ತದೆ.