ನಿಮಗೆ ಈಜು ಬರ್ತದೆ, ಗೊತ್ತುಂಟು ಮಾರಾಯ್ರೆ

ಗಣಪತಿ ಹಬ್ಬ ಮುಗಿದು ಮಳೆ ಹಿಂದೆ ಸರಿದ ಕೂಡಲೇ ನಮ್ಮ ಮುಂಬಯಿ ಕನ್ನಡಿಗರಲ್ಲಿ ಕೆಲವರಿಗೆ ಒಂದು ಜ್ವರ ಶುರುವಾಗುತ್ತದೆ. ಶನಿವಾರ ರಾತ್ರಿ ಡೊಂಬಿವಲಿ, ಥಾಣೆ, ಕಾಂದಿವಲಿಯಿಂದ ಎಂಟು ಹತ್ತು ಜನ ಗಾಡಿ ಮಾಡಿಕೊಂಡು ಅಲಿಬಾಗ್ ಕಡೆಗೋ ಮುರುಡ್ ಕಡೆಗೋ ಹೋಗುವುದು, ಬೆಳಗಿನ ಜಾವ ಒಂದು ಮೀನುಗಾರಿಕೆ ಬೋಟನ್ನು ಬಾಡಿಗೆಗೆ ಹಿಡಿದು ಹದಿನೈದು ಇಪ್ಪತ್ತು ಕಿಲೋಮೀಟರ್ ಒಳಗೆ ಹೋಗಿ ಗಾಳ ಹಾಕುವುದು. ಸಂಜೆಗೆ ಅಂಜಲ್ ಎತ್ತಿ ಹಿಡಿದ ಫೋಟೋ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತದೆ.

ಗಾಳ ಹಾಕುವುದರ ಬಗ್ಗೆ ನನ್ನ ತಕರಾರಿಲ್ಲ. ಮೀನು ತಿಂದೇ ಬೆಳೆದವನು ನಾನು. ಆದರೆ ಆ ಫೋಟೋಗಳನ್ನು ಒಮ್ಮೆ ಸರಿಯಾಗಿ ನೋಡಿ. ಮೀನು ಉಂಟು, ತಂಪು ಕನ್ನಡಕ ಉಂಟು, ಹತ್ತು ಹದಿನೈದು ಸಾವಿರದ ರೀಲು ಉಂಟು, ಹಿಂದೆ ಬಿಯರ್ ಡಬ್ಬವೂ ಉಂಟು. ಲೈಫ್ ಜಾಕೆಟಿನ ಕಿತ್ತಳೆ ಬಣ್ಣ ಮಾತ್ರ ಒಬ್ಬನ ಮೈಮೇಲೂ ಇಲ್ಲ.

ಕೇಳಿದರೆ ಸಿದ್ಧ ಉತ್ತರ: "ನಾವು ಕಡಲ ಬದಿಯವರು. ನಮಗೆ ಈಜು ಹೇಳಿಕೊಡಬೇಕಾ?"

ಬೇಡ. ನಾನೂ ಕುಂದಾಪುರದ ಕಡೆಯವನೇ. ಹೊಳೆಯಲ್ಲಿ ಈಜಿದ್ದೇನೆ, ನೀವೂ ಈಜಿದ್ದೀರಿ. ಆ ಹೊಳೆಗೆ ಎರಡು ದಡ ಇತ್ತು ಅನ್ನುವುದನ್ನು ಮಾತ್ರ ನೆನಪಿಸಿಕೊಳ್ಳಿ. ಹದಿನೈದು ಕಿಲೋಮೀಟರ್ ಒಳಗೆ ಬೋಟಿನಿಂದ ಬಿದ್ದವನು ಯಾವ ದಿಕ್ಕಿಗೆ ಈಜುತ್ತಾನೆ? ಬೋಟು ಆರು ನಾಟ್ ವೇಗದಲ್ಲಿ ಹೋಗುತ್ತಿದೆ ಅಂದುಕೊಳ್ಳಿ, ಅದೇನೂ ದೊಡ್ಡ ವೇಗವಲ್ಲ, ಗಂಟೆಗೆ ಹನ್ನೊಂದು ಕಿಲೋಮೀಟರ್. ನೀವು ಬಿದ್ದದ್ದು ಗೊತ್ತಾಗಲು ಒಂದು ನಿಮಿಷ ಹಿಡಿದರೆ ಅಷ್ಟರಲ್ಲಿ ಅದು 185 ಮೀಟರ್ ಮುಂದೆ ಹೋಗಿರುತ್ತದೆ. ಅಲೆಗಳ ಮಧ್ಯೆ ಒಂದು ಕಪ್ಪು ತಲೆ ಅಷ್ಟು ದೂರಕ್ಕೆ ಕಾಣುವುದು ಕಷ್ಟ. ಡೀಸೆಲ್ ಇಂಜಿನ್ನಿನ ಸದ್ದಿನಲ್ಲಿ ಕೂಗೂ ಕೇಳುವುದಿಲ್ಲ. ಬೀಳುವಾಗ ತಲೆಗೆ ಪೆಟ್ಟಾಗಿದ್ದರಂತೂ ಚಾಂಪಿಯನ್ ಈಜುಗಾರನೂ ಮುಳುಗುತ್ತಾನೆ. ಕೊರಳಪಟ್ಟಿ ಇರುವ ಒಳ್ಳೆಯ ಜಾಕೆಟ್ ಎಚ್ಚರ ತಪ್ಪಿದವನ ಮುಖವನ್ನು ಮೇಲಕ್ಕೆ ತಿರುಗಿಸಲಿಕ್ಕೆಂದೇ ಮಾಡಿದ್ದು. ಈಜಿಗೆ ಆ ವಿದ್ಯೆ ಗೊತ್ತಿಲ್ಲ.

ಬೀಳುವುದು ಹೇಗೆ ಅಂತ ಕೇಳುತ್ತೀರಾ? ತೂಫಾನೇ ಬರಬೇಕಾಗಿಲ್ಲ. ಗಂಡಸರು ಬೋಟಿನ ಅಂಚಿಗೆ ನಿಂತು ಮೂತ್ರ ಮಾಡುವಾಗ ಬೀಳುವುದೂ ಉಂಟು. ನಗಬೇಡಿ, ಒಂದು ಕೈ ಪ್ಯಾಂಟಿನ ಮೇಲೆ, ಇನ್ನೊಂದು ಕೈಯಲ್ಲಿ ಮೊಬೈಲು, ಹೊಟ್ಟೆಯಲ್ಲಿ ಬಿಯರು. ಒಂದು ಬಕೆಟ್ ಇಟ್ಟುಕೊಳ್ಳಲಿಕ್ಕೆ ನಾಚಿಕೆ ಯಾಕೆ ಸ್ವಾಮಿ?

ನಮ್ಮ ಅರಬ್ಬಿ ಸಮುದ್ರದಲ್ಲಿ ಜಾಕೆಟಿಗೆ ಇನ್ನೂ ಒಂದು ಲಾಭ ಉಂಟು. ಇಂಗ್ಲೆಂಡಿನ ಕಡೆಯ ನೀರಿನಲ್ಲಿ ಜಾಕೆಟ್ ಇದ್ದವನೂ ಚಳಿಗೇ ಸಾಯಬಹುದು. ನಮ್ಮ ನೀರು ಬೆಚ್ಚಗಿದೆ, ತೇಲುತ್ತಿದ್ದರೆ ಗಂಟೆಗಟ್ಟಲೆ ಬದುಕಬಹುದು. ಸುಮ್ಮನೆ ಹೇಳುತ್ತಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಸಿಕ್ಕಿ ಮುಂಬಯಿ ಹೈ ಬಳಿ ಪಿ-305 ಬಾರ್ಜ್ ಮುಳುಗಿತಲ್ಲ, ಅದರಲ್ಲಿ 261 ಜನ ಇದ್ದರು. ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬದುಕಿದವರಲ್ಲಿ ಎಷ್ಟೋ ಮಂದಿ ಆ ಅಲೆಗಳಲ್ಲಿ, ಆ ಕತ್ತಲಲ್ಲಿ ಜಾಕೆಟ್ ಕಟ್ಟಿಕೊಂಡು ತಾಸುಗಟ್ಟಲೆ ತೇಲಿ, ನೌಕಾಪಡೆಯವರು ಬರುವ ತನಕ ಉಸಿರು ಹಿಡಿದವರು. ಚಂಡಮಾರುತದ ಮುನ್ಸೂಚನೆ ಮೊದಲೇ ಬಂದಿತ್ತು ಅನ್ನುವುದೂ ನಿಮಗೆ ನೆನಪಿರಲಿ.

ಎರಡನೆಯ ಉತ್ತರ ಇದು: "ತಾಂಡೇಲನಿಗೆ ಎಲ್ಲ ಗೊತ್ತುಂಟು."

ಅವನಿಗೆ ಸಮುದ್ರ ಗೊತ್ತುಂಟು, ಒಪ್ಪಿದೆ. ನೀವು ಅವನಿಗೆ ಗೊತ್ತಿಲ್ಲ! ಅವನ ಖಲಾಸಿಗಳು ಬೋಟು ಓಲಾಡಿದರೆ ಎಲ್ಲಿ ಕಾಲಿಡಬೇಕೆಂದು ಹುಡುಗಪ್ರಾಯದಿಂದ ಕಲಿತವರು. ನೀವು ವಾರವಿಡೀ ಕುರ್ಚಿಯಲ್ಲಿ ಕೂತವರು. ಒಬ್ಬನ ಗಾಳಕ್ಕೆ ದೊಡ್ಡ ಮೀನು ಬಿತ್ತು ಅಂದ ಕೂಡಲೇ ಎಂಟೂ ಜನ ಮೊಬೈಲ್ ಹಿಡಿದು ಅದೇ ಬದಿಗೆ ಓಡುತ್ತೀರಿ. ಸಣ್ಣ ಫೈಬರ್ ದೋಣಿ ಮಗುಚಲಿಕ್ಕೆ ಅಷ್ಟು ಸಾಕು. ಇನ್ನು ಕೆಲವರು ಗಾಳ ಹಾಕಲು ಅನುಕೂಲ ಅಂತ ಹಿಂಬದಿಯಿಂದ ಲಂಗರು ಹಾಕಿಸುತ್ತಾರೆ. ಇಂಜಿನ್ನಿನ ಭಾರಕ್ಕೆ ಹಿಂಬದಿ ಮೊದಲೇ ತಗ್ಗಿರುತ್ತದೆ, ಅಲೆ ಅಲ್ಲಿಂದಲೇ ಒಳಗೆ ನುಗ್ಗುತ್ತದೆ. ಲಂಗರು ಯಾವತ್ತೂ ಮುಂಬದಿಯಿಂದಲೇ. ಗಾಳದ ದಾರವನ್ನು ಕೈಗೆ ಸುತ್ತಿಕೊಳ್ಳುವ ಶೂರರೂ ಇದ್ದಾರೆ, ದೊಡ್ಡ ಮೀನು ಎಳೆದರೆ ಬೆರಳು ಉಳಿಯುವುದಿಲ್ಲ.

ಅದೂ ಅಲ್ಲದೆ ಆ ಬೋಟಿಗೆ ಇರುವುದು ಮೀನು ಹಿಡಿಯುವ ಪರವಾನಗಿ. ದುಡ್ಡು ತೆಗೆದುಕೊಂಡು ಜನ ಸಾಗಿಸುವ ಪರವಾನಗಿ ಬೇರೆಯೇ. ನಾಳೆ ಏನಾದರೂ ಆದರೆ ವಿಮೆಯವರು ಮೊದಲು ಕೇಳುವ ಕಾಗದ ಯಾವುದು ಅಂತ ಬ್ಯಾಂಕಿನಲ್ಲಿ ಕೆಲಸ ಮಾಡುವ ನಿಮಗೆ ನಾನು ಹೇಳಬೇಕಾಗಿಲ್ಲ.

ಎರಡು ವರ್ಷದ ಹಿಂದೆ ಪಕ್ಕದ ಬಿಲ್ಡಿಂಗಿನವರು ಒತ್ತಾಯ ಮಾಡಿದರೆಂದು ನಾನೂ ಹೊರಟಿದ್ದೆ. ಧಕ್ಕೆಯಲ್ಲಿ ಜಾಕೆಟ್ ಎಲ್ಲಿ ಎಂದು ಕೇಳಿದೆ. ತಾಂಡೇಲ ಪಾಪ ಕ್ಯಾಬಿನ್ನಿನ ಅಡಿಯಿಂದ ಒಂದು ಕಟ್ಟು ಎಳೆದು ತಂದ, ನೈಲಾನ್ ಹಗ್ಗದಲ್ಲಿ ಬಿಗಿದಿದ್ದರು. ಬಿಚ್ಚಲು ಕತ್ತಿ ಬೇಕಾಯಿತು. ಒಳಗೆ ಆರು ಜಾಕೆಟ್, ಎರಡಕ್ಕೆ ಬಕಲ್ ಇಲ್ಲ, ಒಂದನ್ನು ಇಲಿ ತಿಂದಿತ್ತು. ನಾವು ಒಂಬತ್ತು ಜನ. ನಾನು ಬರುವುದಿಲ್ಲ ಅಂದೆ. "ಅಂಕಲ್‌ಗೆ ವಯಸ್ಸಾಯ್ತು" ಅಂತ ನಕ್ಕು ಎಂಟು ಜನ ಹೋದರು. ಸಂಜೆ ಐದಕ್ಕೆ ನಾಲ್ಕು ಮೀನು ಹಿಡಿದುಕೊಂಡು ಸುಖವಾಗಿ ಬಂದರು. "ನೋಡಿದ್ರಾ, ಏನಾಯ್ತು?"

ಏನೂ ಆಗಲಿಲ್ಲ. ನನಗೆ ಹೆದರಿಕೆ ಇರುವುದು ಈ "ಏನೂ ಆಗಲಿಲ್ಲ" ಅನ್ನುವುದರ ಬಗ್ಗೆಯೇ. ಹತ್ತು ಸಲ ಏನೂ ಆಗದಿದ್ದರೆ ಹನ್ನೊಂದನೆಯ ಸಲ ಅದೇ ನಿಮ್ಮ ಸಾಕ್ಷಿಯಾಗುತ್ತದೆ. 2024ರ ಡಿಸೆಂಬರ್ 18ರಂದು ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೊರಟ ನೀಲಕಮಲ ಲಾಂಚಿನಲ್ಲಿ ಕೂತವರೂ ಹಾಗೆಯೇ ಅಂದುಕೊಂಡಿದ್ದರು, ಅಷ್ಟು ಜನ ದಿನಾ ಹೋಗಿ ಬರುವ ದಾರಿ. ಇಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ಸ್ಪೀಡ್ ಬೋಟು ಹತೋಟಿ ತಪ್ಪಿ ಬಂದು ಗುದ್ದಿತು. ಲಾಂಚಿನವರ ತಪ್ಪೇನೂ ಇರಲಿಲ್ಲ ಅನ್ನೋಣ, ಆದರೂ ಪರವಾನಗಿಗಿಂತ ಹೆಚ್ಚು ಜನ, ಮೈಮೇಲೆ ಜಾಕೆಟ್ ಇಲ್ಲ. 15 ಜನ ಹೋದರು. ಆಮೇಲೆ ಗೇಟ್‌ವೇಯಲ್ಲಿ ಜಾಕೆಟ್ ಕಡ್ಡಾಯವಾಯಿತು. ನಮ್ಮೂರ ಕಡೆಯೂ ಇದೇ ಕತೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯ ದಿನ ದೋಣಿ ಮಗುಚಿ 16 ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಆ ದೋಣಿಯಲ್ಲೂ ಜನ ಹೆಚ್ಚು.

ಸರಕಾರ ಏನು ಮಾಡುತ್ತದೆ, ಕೋಸ್ಟ್ ಗಾರ್ಡ್ ಏನು ಮಾಡುತ್ತದೆ ಅಂತ ಕೇಳುವವರು ಇದ್ದೇ ಇದ್ದಾರೆ. ಕೇಳಿ, ಕೇಳಬೇಕು. ಆದರೆ ಬೆಳಗಿನ ನಾಲ್ಕು ಗಂಟೆಗೆ ಯಾವುದೋ ಹಳ್ಳಿಯ ಧಕ್ಕೆಯಲ್ಲಿ ನಿಮ್ಮನ್ನು ಎಣಿಸಲಿಕ್ಕೆ ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ. ತಾಂಡೇಲನಿಗೆ ಆ ದಿನದ ಬಾಡಿಗೆ ಬೇಕು, ಅವನು ಬೇಡ ಅನ್ನುವುದಿಲ್ಲ. ಅಲ್ಲಿ "ಜಾಕೆಟ್ ಇಲ್ಲದಿದ್ದರೆ ದುಡ್ಡಿಲ್ಲ" ಅನ್ನುವ ಅಧಿಕಾರ ಇರುವುದು ದುಡ್ಡು ಕೊಡುವ ನಿಮಗೆ ಮಾತ್ರ. ಭಾಜಿ ಮಾರುವವಳ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವ ನಾವು ಇಲ್ಲಿ ಮಾತ್ರ ಯಾಕೆ ಬಾಯಿ ಮುಚ್ಚಿಕೊಳ್ಳುತ್ತೇವೋ!

ಅಷ್ಟಕ್ಕೂ ಅವನದನ್ನು ಯಾಕೆ ನಂಬಬೇಕು? ಆ ರೀಲಿನ ಕಾಲುಭಾಗದ ಬೆಲೆಗೆ ಸ್ವಂತ ಜಾಕೆಟ್ ಬರುತ್ತದೆ. ಹೊರ ಸಮುದ್ರಕ್ಕೆ 150 ನ್ಯೂಟನ್ ದರ್ಜೆಯದ್ದು, ಕೊರಳಪಟ್ಟಿ, ಸೀಟಿ, ಹೊಳೆಯುವ ಪಟ್ಟಿ ಇರುವಂಥದ್ದು ಕೊಳ್ಳಿ. ಧಕ್ಕೆಯಲ್ಲಿ ತೊಟ್ಟರೆ ತಿರುಗಿ ಧಕ್ಕೆಯಲ್ಲೇ ಬಿಚ್ಚುವುದು. ಸೆಕೆ ಆಗುತ್ತದೆ, ಹೌದು.

ಬೋಟಿನಲ್ಲಿ ವಿಎಚ್‌ಎಫ್ ರೇಡಿಯೋ ಉಂಟಾ, 16ನೇ ಚಾನೆಲ್ ಹಿಡಿಯುತ್ತದಾ ಎಂದೂ ಕೇಳಿ. ಸ್ವಲ್ಪ ಒಳಗೆ ಹೋದರೆ ಮೊಬೈಲು ಬರೀ ಕ್ಯಾಮೆರಾ. ಹೊರಡುವ ಮುನ್ನ ಹವಾಮಾನ ಇಲಾಖೆಯದ್ದೂ, ಹೈದರಾಬಾದಿನ ಇನ್‌ಕಾಯಿಸ್‌ನವರ ಅಲೆಗಳ ಮುನ್ಸೂಚನೆಯನ್ನೂ ನೋಡಿ, ಪುಕ್ಕಟೆ ಸಿಗುತ್ತದೆ. ಇನ್ನು ಜೂನ್ 1ರಿಂದ ಜುಲೈ 31ರ ತನಕ ಕಾನೂನೇ ಬೋಟುಗಳನ್ನು ಕಟ್ಟಿಹಾಕುತ್ತದೆ, ಕೋಳಿಗಳು ನಾರಳಿ ಪೂರ್ಣಿಮೆಗೆ ತೆಂಗಿನಕಾಯಿ ಬಿಟ್ಟ ಮೇಲೆಯೇ ಕಡಲಿಗೆ ಇಳಿಯುವುದು. ಅದಕ್ಕೂ ಮೊದಲು "ಅಡ್ಜಸ್ಟ್ ಮಾಡು" ಅಂತ ತಾಂಡೇಲನಿಗೆ ಫೋನ್ ಮಾಡುವವರ ಬಗ್ಗೆ ನಾನು ಬರೆಯುವುದಿಲ್ಲ, ಬಾಯಿಗೆ ಬಂದದ್ದು ಬರೆದುಬಿಡುತ್ತೇನೆ.

ಕೊನೆಯದಾಗಿ, ಮನೆಯಲ್ಲಿ "ಆಫೀಸಿನಲ್ಲಿ ಆಡಿಟ್ ಉಂಟು" ಅಂತ ಹೇಳಿ ಹೋಗುವ ಮಹಾನುಭಾವರು. ರಾತ್ರಿ ಹತ್ತಾದರೂ ನೀವು ಬಾರದಿದ್ದರೆ ಆ ಹೆಂಗಸು ಯಾವ ಆಫೀಸಿಗೆ ಫೋನ್ ಮಾಡಬೇಕು? ಒಂದು ಚೀಟಿಯಲ್ಲಿ ಬೋಟಿನ ನಂಬರು, ತಾಂಡೇಲನ ಫೋನು, ಹೊರಡುವ ಧಕ್ಕೆ, ಹೋಗುವ ದಿಕ್ಕು, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸ್ಸು ಅಂತ ಬರೆದು ಫ್ರಿಜ್ಜಿಗೆ ಅಂಟಿಸಿ. ಕೆಳಗೆ ದೊಡ್ಡ ಅಕ್ಷರದಲ್ಲಿ ಕೋಸ್ಟ್ ಗಾರ್ಡಿನ ನಂಬರು: 1554.